ಹಗುರದ ರಿವಾಲ್ವರು, ಭಾರದ ಗುಂಡು

ನೂನಿಕ್ ಹಳ್ಳಿ, ಕೊಡಿಯಾಕ್ ದ್ವೀಪ
ಪೇತ್ರ-ಪಾವ್ಲರ ಹಬ್ಬದ ಮಾರನೆಯ ದಿನ

ನನ್ನ ಮುದ್ದು ಗಾಷಾ,

ನಿನ್ನ ಕೆಮ್ಮು ಹೇಗಿದೆ ಮಗಳೇ? ಕಾಲುಚೀಲ ಒಣಗುತ್ತಿವೆಯಾ? ಒದ್ದೆ ಕಾಲುಚೀಲದಲ್ಲೇ ಮಲಗಬೇಡ, ಒಲೆಯ ಮೇಲೆ ದಾರ ಕಟ್ಟಿ ಹರವು. ಹೊಳೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬೇಡ, ಮೇಲುಗಡೆ ನೀರು ಕೆಡಿಸುವ ಬೀವರು ಪ್ರಾಣಿಗಳಿವೆ. ಊಟ ಮಾಡುತ್ತಿದ್ದೀಯಾ? ಸಂಜೆ ರೇಡಿಯೋದಲ್ಲಿ ನಿನ್ನ ದನಿ ಕೇಳಿದಾಗಲೆಲ್ಲ ಅದು ಮೊದಲಿಗಿಂತ ತೆಳ್ಳಗಾಗಿದೆ ಅನ್ನಿಸುತ್ತದೆ. ಮಕಾರ್ ಚಿಕ್ಕಪ್ಪ ಅದು ರೇಡಿಯೋದ ದೋಷ ಅನ್ನುತ್ತಾನೆ. ಅವನಿಗೇನು ಗೊತ್ತು, ಅವನು ನಿನ್ನನ್ನು ಹೆತ್ತಿದ್ದಾನಾ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ನನಗೆ ನಿದ್ದೆ ಇಲ್ಲ, ಎದೆ ಉರಿ, ಎಡಗಣ್ಣು ಅದರುತ್ತಿದೆ, ಅಷ್ಟೇ. ಅದನ್ನೆಲ್ಲ ನೀನು ತಲೆಗೆ ಹಚ್ಚಿಕೊಳ್ಳಬೇಡ.

ನನ್ನ ಅಕ್ಷರ ನೋಡಿ ನಗಬೇಡ. ನಾನು ಬರೆಯಲು ಕಲಿಯುತ್ತಿದ್ದ ವರ್ಷವೇ ದೊಡ್ಡ ಅಲೆ ಬಂದು ಶಾಲೆಯನ್ನು ಎತ್ತಿಕೊಂಡು ಹೋಯಿತು. ಆಮೇಲೆ ಬೇರೆ ಶಾಲೆ ಕಟ್ಟಿದರು, ಅಷ್ಟರಲ್ಲಿ ನನ್ನನ್ನು ಮೀನು ಸೀಳಲು ಕೂರಿಸಿದ್ದರು. ಅಲ್ಲಿಗೆ ನಿಂತದ್ದು ನಿಂತಿತು. ಆದರೂ ಇದನ್ನು ನಾನೇ ಬರೆಯಬೇಕು. ರೇಡಿಯೋದಲ್ಲಿ ಹೇಳೋಣವೆಂದರೆ ಇಡೀ ದ್ವೀಪವೇ ಕಿವಿ ಕೊಟ್ಟು ಕೂತಿರುತ್ತದೆ. ಬೇರೆಯವರ ಕೈಯಲ್ಲಿ ಬರೆಸಿದರೆ ಸಂಜೆಯೊಳಗೆ ಊರೆಲ್ಲ ಸುದ್ದಿ.

ಬ್ರೆಡ್ಡಿನ ಕವರಿನಲ್ಲಿ ಸುತ್ತಿ ನೀನು ಪೈಲಟ್ ರಾಯ್ ಕೈಗೆ ಕೊಟ್ಟಿದ್ದ ಕಾಗದ ಸಿಕ್ಕಿತು. ಎಷ್ಟು ಸಲ ಓದಿದೆನೋ, ಈಗ ಬಾಯಿಪಾಠವಾಗಿದೆ. ಜೊತೆಯಲ್ಲಿದ್ದ ಹುಡುಗನಿಗೆ ಹೊಟ್ಟೆನೋವು ಬಂದು ಅವನನ್ನು ವಿಮಾನದಲ್ಲಿ ಕರೆದೊಯ್ದರು, ಬದಲಿಗೆ ಬರಬೇಕಾದವರು ಬಂದಿಲ್ಲ, ರಬ್ಬರ್ ದೋಣಿ ಮಗುಚಿ ಉದ್ದ ಬಂದೂಕು ಸರೋವರದ ತಳ ಸೇರಿತು, ನೀನೀಗ ಹೊಳೆಗೆ ಅಡ್ಡ ಕಟ್ಟಿದ ಮೀನಿನ ಬೇಲಿಯ ಹತ್ತಿರ ಒಬ್ಬಳೇ. ಆಮೇಲೆ, ಏನೋ ದೊಡ್ಡ ಸಂಗತಿಯಲ್ಲ ಎನ್ನುವ ಹಾಗೆ, ಕೊನೆಗೆ ಬರೆದಿದ್ದೀಯ: ಕಿವಿ ಹರಿದ ಒಂದು ಕರಡಿ ಬರುತ್ತಿದೆ, ತಟ್ಟೆ ಬಡಿದರೆ ಹೋಗುತ್ತಿಲ್ಲ, ನೀನು ನೀರಿನಲ್ಲಿದ್ದಾಗ ಡೇರೆಯೊಳಗೆ ಹೋಗಿ ಹಾಸಿಗೆಯ ಚೀಲವನ್ನು ಹೊರಗೆ ಎಳೆದು ಹಾಕಿದೆ. ಅದರ ಮೇಲೆ ನಿನ್ನ ಮೈವಾಸನೆ ಇತ್ತು ಗಾಷಾ. ಅದು ಹಾಸಿಗೆಯನ್ನು ಎಳೆಯಲಿಲ್ಲ, ನಿನ್ನನ್ನು ಹುಡುಕಿತು.

ಕೊನೆಗೆ ನೀನು ಕೇಳಿದ್ದು, ಎದೆಗೆ ಕಟ್ಟಿಕೊಳ್ಳುವಂಥ ದೊಡ್ಡ ರಿವಾಲ್ವರ್ ಮತ್ತು ಅದಕ್ಕೆ ತಕ್ಕ ತೋಟಾ. ಸೊಂಟದವರೆಗೆ ನೀರಿನಲ್ಲಿ ನಿಂತು ಎರಡೂ ಕೈಯಿಂದ ಬೇಲಿಯ ಕಸ ತೆಗೆಯುವಾಗ, ಬೇರೆ ಉದ್ದ ಬಂದೂಕು ಕಳಿಸಿದರೂ ಅದು ದಡದಲ್ಲಿ ಬಿದ್ದಿರುತ್ತದೆ, ಅದರಿಂದ ಉಪಯೋಗವಿಲ್ಲ ಅಂದಿದ್ದೀಯ. ನಿಜ. ಕಣ್ಣುರಿ ಮಾಡುವ ಆ ಮೆಣಸಿನ ಡಬ್ಬಿಯನ್ನು ನಾನು ನಂಬುವುದಿಲ್ಲ, ಸರೋವರದ ಗಾಳಿ ಅದನ್ನು ನಿನ್ನ ಮುಖಕ್ಕೇ ತರುತ್ತದೆ. ಮೀನುಗಾರಿಕೆ ಕಚೇರಿಗೆ ಮಾತ್ರ ತಿಳಿಸಬೇಡ ಅಮ್ಮಾ, ತಿಳಿದರೆ ನನ್ನನ್ನು ಎತ್ತಿಕೊಂಡು ಹೋಗುತ್ತಾರೆ, ಬೇಲಿ ಬರಿದಾಗುತ್ತದೆ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀಯ.

ಆ ಗೆರೆ ಯಾಕೆ ಎಳೆದೆ ಎಂದು ನನಗೆ ಗೊತ್ತು. ಬೇಲಿಯ ಬಾಗಿಲಿನಲ್ಲಿ ಎಣಿಸುವವರಿಲ್ಲದಿದ್ದರೆ ಎಷ್ಟು ಮೀನು ಮೇಲೆ ಹತ್ತಿತು ಎಂದು ಕಚೇರಿಗೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಬಲೆ ಬಿಡಲು ಅಪ್ಪಣೆ ಕೊಡುವುದಿಲ್ಲ. ಇಲ್ಲಿ ದೋಣಿಗಳೆಲ್ಲ ಕಟ್ಟೆಗೆ ಕಟ್ಟಿಕೊಂಡು ನಿಂತಿವೆ. ಬಲೆಗಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಾರೆ. ಸಂಜೆ ಸ್ತೆಪಾನ್ ಮಾವನ ಅಂಗಡಿಯಲ್ಲಿ ಎಲ್ಲರೂ ರೇಡಿಯೋ ಸುತ್ತ ಸೇರುತ್ತಾರೆ. ನೀನು ಅಂದಿನ ಮೀನಿನ ಲೆಕ್ಕ ಹೇಳಿದ ಕೂಡಲೇ ಮಕಾರ್ ತೊಡೆ ತಟ್ಟಿ, "ನೋಡ್ರೋ ನಮ್ಮ ಹುಡುಗೀನ, ಇನ್ನು ಸ್ವಲ್ಪ ದಿನ, ಬಲೆ ಬಿಡೋಕೆ ಬಾಗಿಲು ತೆಗೀತಾರೆ" ಅನ್ನುತ್ತಾನೆ. ಎಲ್ಲರಿಗೂ ಲೆಕ್ಕ ಬೇಕು. ಆ ಲೆಕ್ಕ ಹೇಳುವವಳ ಬೆನ್ನ ಹಿಂದೆ ಏನು ನಿಂತಿದೆ ಎಂದು ಅವರಾರಿಗೂ ಗೊತ್ತಿಲ್ಲ. ಗೊತ್ತಿರುವವಳು ನಾನು, ಚಹಾದ ಲೋಟ ಹಿಡಿದು ನಕ್ಕ ಹಾಗೆ ಮಾಡುತ್ತೇನೆ.

ಮಕಾರ್‌ಗೆ ಮಾತ್ರ ಹೇಳಿದೆ, ಬೈಯಬೇಡ. ನಿನ್ನ ಅಪ್ಪ ಇದ್ದಿದ್ದರೆ ಅವನಿಗೆ ಹೇಳುತ್ತಿದ್ದೆ, ಇಲ್ಲದ ಮೇಲೆ ಅವನ ತಮ್ಮನಿಗೆ ತಾನೇ ಹೇಳಬೇಕು. ಅವನು ಸುದ್ದಿ ಕೇಳಿ ಮೊದಲು ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಕರೆಸಿಬಿಡೋಣ ಅಂತೀರಾ ಅತ್ತಿಗೆ?" ಎಂದ. ಹೂಂ ಅನ್ನಲು ಬಾಯಿ ತೆರೆದೆ. ಅವನ ಕಣ್ಣು ಆಗಲೇ ಕಿಟಕಿಯಾಚೆ ಕಟ್ಟೆಗೆ ಕಟ್ಟಿದ ದೋಣಿಯ ಮೇಲಿತ್ತು. ನನ್ನ ಬಾಯಿ ಹಾಗೇ ಮುಚ್ಚಿಕೊಂಡಿತು. ಅವನು ಕೆಟ್ಟವನಲ್ಲ ಮಗಳೇ. ಅವನ ಮನೆಯ ಒಲೆಯೂ ಮೀನಿನಿಂದಲೇ ಉರಿಯಬೇಕು, ನಮ್ಮದೂ ಹಾಗೇ. ನಾನು ಬಾ ಎಂದರೂ ನೀನು ಬರುವವಳಲ್ಲ, ನಿನ್ನ ಹಠ ನನಗೆ ಗೊತ್ತಿಲ್ಲವಾ? ಹಾಗಾಗಿ, ಒಳ್ಳೆಯ ರಿವಾಲ್ವರ್ ಆರಿಸಿ ಕಳಿಸೋಣ ಎಂದಾಯಿತು.

ಅಲ್ಲಿಂದ ಶುರುವಾಯಿತು ನನ್ನ ಗೋಳು. ಸ್ತೆಪಾನ್ ಮಾವನಿಗೆ ಯಾರಿಗೆಂದು ಹೇಳಲಿಲ್ಲ, ಬೆರ್ರಿ ಕೀಳಲು ಹೋಗುವಾಗ ನನಗೇ ಬೇಕು ಅಂದೆ. ಅವನು ಗಲ್ಲಾದ ಕೆಳಗಿನಿಂದ ತನ್ನದನ್ನೇ ತೆಗೆದಿಟ್ಟ. ರಿವಾಲ್ವರ್ ಅಂತಾರಾ ಅದನ್ನು? ಒಲೆಯ ಹೊಗೆಕೊಳವೆಗೆ ಹಿಡಿ ಹಾಕಿದ ಹಾಗಿದೆ. "ಕರಡಿಗೆ ಹೊಡೆಯೋದು ಅಂದ್ರೆ ಬಾಗಿಲು ತಟ್ಟೋದಲ್ಲ ಕಣಮ್ಮ ಉಲ್ಯಾನಾ, ಬಾಗಿಲು ಮುರಿಯೋದು. ಇದೇ ಬೇಕು" ಎಂದ. ಪಕ್ಕದಲ್ಲಿದ್ದ ಮಕಾರ್, "ಅದನ್ನ ಹಾರಿಸಿದ ದಿನ ಮುರಿದದ್ದು ನಿಮ್ಮ ಹಣೆ ಮಾವ, ಕರಡಿ ಇವತ್ತಿಗೂ ಚೆನ್ನಾಗೇ ಓಡಾಡ್ತಿದೆ" ಎಂದ. ಸ್ತೆಪಾನ್ ಮಾವನ ಹಣೆಯ ಮೇಲಿನ ಗಾಯದ ಗುರುತು ನಿನಗೂ ನೆನಪಿರಬೇಕು, ಅದು ಈ ಯಂತ್ರ ಹಿಂದಕ್ಕೆ ಒದ್ದು ಮಾಡಿದ್ದು. ಮುದುಕ ಸಿಟ್ಟಾಗಿ, "ಮದುವೆ ಮನೇಲಿ ಗಾಳಿಗೆ ಹೊಡೆಯೋ ನಿನಗೇನೋ ಗೊತ್ತು ಕರಡಿ ವಿಷಯ" ಎಂದು ಬಯ್ದ. ಇಬ್ಬರೂ ಜಗಳವಾಡುತ್ತಿದ್ದರೆ ನನಗೆ ನಿನ್ನ ಮಣಿಕಟ್ಟು ಕಣ್ಣ ಮುಂದೆ ಬಂತು. ಅಷ್ಟು ದೊಡ್ಡದು ಬೇಡ. ಒಂದು ಸಲ ಹಾರಿಸಿ ಕೈ ಮರಗಟ್ಟಿದರೆ ಎರಡನೆಯದನ್ನು ಹಾರಿಸುವವರು ಯಾರು?

ನಲವತ್ತನಾಲ್ಕು ಮ್ಯಾಗ್ನಮ್ ಸಾಕು ಎಂದು ತೀರ್ಮಾನವಾಯಿತು. ಅದು ನಮ್ಮ ಕಡೆಯ ಕೈಗಳಿಗೆ ಪಳಗಿದ ಅಳತೆ, ನೀನೂ ಚಿಕ್ಕಪ್ಪನ ಜೊತೆ ಹಾರಿಸಿದ್ದೀಯ. ಅದರಲ್ಲಿ ನನ್ನ ಮುಂದೆ ಎರಡಿದ್ದವು. ಒಂದು ಮಕಾರ್ ಹೋದ ಚಳಿಗಾಲ ಪಟ್ಟಣದಿಂದ ತಂದದ್ದು. ಬೂದು ಬಣ್ಣದ್ದು, ಅದೆಂಥದೋ ಹೊಸ ಲೋಹ, ಕೈಯಲ್ಲಿಟ್ಟರೆ ಏನೂ ಇಟ್ಟ ಹಾಗಿಲ್ಲ. "ಹಿಡಿದು ನೋಡಿ ಅತ್ತಿಗೆ, ಕಡಲಹಕ್ಕಿ ಮರಿ ಥರ ಇಲ್ವಾ? ಹಾಕ್ಕೊಂಡಿದೀನಿ ಅನ್ನೋದೇ ಮರೆತುಹೋಗುತ್ತೆ. ನಮ್ಮ ಗಾಷಾಗೆ ಇದನ್ನೇ ಕೊಡಿ, ವಾಪಸ್ ಬೇಡ" ಎಂದ. ಅವನು ಅದನ್ನು ಎಷ್ಟು ಮುದ್ದಿನಿಂದ ಒರೆಸುತ್ತಾನೆಂದು ನೀನೇ ನೋಡಿದ್ದೀಯ. ಹಾಗೆಂದವನು ಹೊರಗೆ ಹೋದ.

ಇನ್ನೊಂದು ನನ್ನ ಪೆಟ್ಟಿಗೆಯ ತಳದಲ್ಲಿ ಇರುವುದು. ಲೂಕಾ ಮಾವನದು. ಉಕ್ಕಿನದು, ಎರಡು ಕೈಯಲ್ಲಿ ಎತ್ತಬೇಕು. ಅದರ ಕಥೆ ನಿನಗೆ ಮೇಲುಮೇಲೆ ಮಾತ್ರ ಗೊತ್ತು. ನನ್ನ ತಮ್ಮನನ್ನು ಕರಡಿ ಕೊಂದಿತು ಎಂದಷ್ಟೇ ಹೇಳಿದ್ದೆ. ಹೇಗೆ ಎಂದು ಹೇಳಿರಲಿಲ್ಲ, ಈಗ ಹೇಳದೆ ವಿಧಿಯಿಲ್ಲ. ಅವನು ಹೊಡೆದ ಜಿಂಕೆಯನ್ನು ಕುಯ್ಯುತ್ತಿದ್ದ. ಬಗ್ಗಿದಾಗಲೆಲ್ಲ ಸೊಂಟದ ಈ ಭಾರ ಪಕ್ಕೆಗೆ ಚುಚ್ಚುತ್ತಿದ್ದಿರಬೇಕು. ಪಟ್ಟಿ ಬಿಚ್ಚಿ ಆಲ್ಡರ್ ಮರದ ಕೊಂಬೆಗೆ ನೇತುಹಾಕಿದ. ಕೈ ಚಾಚಿದರೆ ಸಿಗುವಷ್ಟೇ ದೂರ, ಆದರೂ ಸಿಗಲಿಲ್ಲ. ಹುಡುಕಿಕೊಂಡು ಹೋದವರು ಬಂದು ನನ್ನ ಕೈಗೆ ಕೊಟ್ಟಾಗ ಒರೆಯ ಗುಂಡಿಯನ್ನೂ ಬಿಚ್ಚಿರಲಿಲ್ಲ, ಆರೂ ತೋಟಾ ಒಳಗೇ ಇದ್ದವು. ಅವನನ್ನು ಟಾರ್ಪಾಲಿನಲ್ಲಿ ಸುತ್ತಿ, ನಾನು ಹತ್ತಿ ಹೋಗಿದ್ದ ಪುಟ್ಟ ವಿಮಾನದಲ್ಲೇ ತಂದರು. ಮಲಗಿಸಲು ಜಾಗವಿರಲಿಲ್ಲ, ತಲೆಯ ಕಡೆಯನ್ನು ನನ್ನ ತೊಡೆಯ ಮೇಲೆ ಇಟ್ಟರು. ಅಂದಿನಿಂದ ನಾನು ವಿಮಾನ ಹತ್ತಿದವಳಲ್ಲ. ಎಲ್ಲರೂ ನನಗೆ ಎತ್ತರ ಅಂದರೆ ಭಯ ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ ಬಿಡು.

ಹೇಳು, ಇದಾದ ಮೇಲೆ ನಾನು ನಿನಗೆ ಭಾರದ್ದನ್ನು ಹೇಗೆ ಕಳಿಸಲಿ? ನೀನೂ ಅವನ ಹಾಗೆಯೇ. ಮಾಡುವ ಕೆಲಸಕ್ಕೆ ಅಡ್ಡಿಯಾದದ್ದನ್ನು ತೆಗೆದು ಪಕ್ಕಕ್ಕಿಡುವವಳು. ಚಿಕ್ಕವಳಿದ್ದಾಗ ಜೀವರಕ್ಷಕ ಅಂಗಿಯನ್ನು ಕೂಡ ಬಿಚ್ಚಿ ದೋಣಿಯ ಮೂಲೆಗೆ ಎಸೆಯುತ್ತಿದ್ದೆ. ಹಾಗಾಗಿ ಹಗುರದ್ದೇ ಎಂದು ಗಟ್ಟಿ ಮಾಡಿದೆ. ಅದಕ್ಕೆ ಒರೆಯನ್ನೂ ಹೊಲಿದಿದ್ದೇನೆ, ನಿನ್ನಜ್ಜ ಇಟ್ಟಿದ್ದ ಕಡಲಸಿಂಹದ ಚರ್ಮದಲ್ಲಿ. ಅಂಗಡಿಯಲ್ಲಿ ಸಿಗುವುದೆಲ್ಲ ಬಲಗೈಯವರದು, ನೀನು ಎಡಚಿ. ನನ್ನ ಎದೆಯ ಮೇಲೇ ಅಳತೆ ಇಟ್ಟು ಹೊಲಿದೆ, ಎಡಗೈ ತಾನಾಗಿ ಹಿಡಿಯ ಮೇಲೆ ಬೀಳುವ ಹಾಗೆ. ಹೊಲಿಗೆಗೆ ಮೇಣ ತಿಕ್ಕಿದ್ದೇನೆ, ನೀರು ಇಳಿಯುವುದಿಲ್ಲ. ಮುಗಿದ ಮೇಲೆ ಪವಿತ್ರಜಲ ಚಿಮುಕಿಸಿದೆ, ಒರೆಗೂ ರಿವಾಲ್ವರಿಗೂ. ಮಕಾರ್ ಓಡಿಬಂದು, "ಅತ್ತಿಗೆ, ದೇವರ ನೀರೇ ಇರಬಹುದು, ಸ್ಪ್ರಿಂಗಿಗೆ ಅದೆಲ್ಲ ತಿಳಿಯಲ್ಲ, ತುಕ್ಕು ಹಿಡಿಯುತ್ತೆ" ಎಂದು ಒರೆಸಿದ.

ಆಮೇಲೆ ತೋಟಾ. ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಂದು ಕಡಿಮೆ ತೂಕದ್ದು, ಗುಂಡಿನ ಮೂತಿಯಲ್ಲಿ ಕುಳಿ ಇರುವುದು. ಅದು ಮಾಂಸಕ್ಕೆ ತಾಕಿದ ಕೂಡಲೇ ಹೂವಿನ ಹಾಗೆ ಅರಳಿ ಅಲ್ಲೇ ನಿಲ್ಲುತ್ತದೆ. ಜಿಂಕೆಗೆ ಸರಿ. ನಾನು ಕರಡಿಯ ಚರ್ಮ ಸುಲಿದು ಕೊಬ್ಬು ಕೆರೆದವಳು. ಆ ಕೊಬ್ಬಿನಲ್ಲಿ ಅರಳಿದರೆ ಮೂಳೆ ತಲುಪುವುದು ಯಾವಾಗ? ಇನ್ನೊಂದು ಗಟ್ಟಿ ಸೀಸದ್ದು, ಚಪ್ಪಟೆ ಮೂತಿಯದು, ಅರಳುವುದಿಲ್ಲ, ದಾರಿ ಮಾಡಿಕೊಂಡು ಹೋಗುತ್ತಲೇ ಇರುತ್ತದೆ. "ಮೂಗಿನಲ್ಲಿ ಹೊಕ್ಕರೆ ಬಾಲದಲ್ಲೇ ಟಿಕೇಟ್ ತೋರಿಸಿ ಇಳಿಯೋದು" ಎಂದ ಸ್ತೆಪಾನ್ ಮಾವ. ಅದರಲ್ಲೂ ಇನ್ನೂ ಭಾರದ್ದು ಇದೆಯಾ ಎಂದು ಕೇಳಿದೆ. "ಇದೆ, ಆದರೆ ಬೆರ್ರಿ ಕೀಳೋಕೆ ಅಷ್ಟೊಂದು ಯಾಕಮ್ಮ, ಬೆರ್ರಿ ಏನು ತಿರುಗಿ ಬೀಳುತ್ತಾ?" ಎಂದು ನಕ್ಕ. ಅತ್ಯಂತ ಭಾರದ್ದನ್ನೇ ಕೊಡು ಎಂದು ಡಬ್ಬಿ ಎತ್ತಿಕೊಂಡು ಬಂದೆ. ಆ ಸಂಜೆ ಮಾತ್ರ ಎದೆ ಉರಿ ಕಡಿಮೆಯಾಗಿತ್ತು. ನಿನಗೆ ಬಿಚ್ಚಿ ಇಡಬೇಕೆನಿಸದಷ್ಟು ಹಗುರದ ರಿವಾಲ್ವರ್, ಕರಡಿ ತಡೆಯಲಾಗದಷ್ಟು ಭಾರದ ಗುಂಡು. ಎರಡೂ ಕಡೆಯ ಬಾಗಿಲು ಹಾಕಿದೆ ಎಂದುಕೊಂಡೆ.

ನಿನ್ನೆ ಹಬ್ಬದ ಪೂಜೆ ಮುಗಿಸಿ, ಮೀನು ತುಂಬಿದ ಪಿರೋಕ್ ಕಡುಬು ತಿಂದು, ನಾನೂ ಮಕಾರ್‌ನೂ ಕಡಲ ತೀರದ ಕಲ್ಲುಗಳ ಕಡೆಗೆ ಹೋದೆವು, ಒಮ್ಮೆ ಹಾರಿಸಿ ನೋಡೋಣವೆಂದು. ಮರದ ಪೆಟ್ಟಿಗೆ ಇಟ್ಟು ನಾನೇ ಹಾರಿಸಿದೆ, ಯಾಕೆಂದರೆ ನನ್ನ ಕೈ ನಿನ್ನ ಕೈ ಒಂದೇ ಅಳತೆ. ಅಬ್ಬಾ! ಹಗುರವಾಗಿದ್ದಕ್ಕೆ ಅದು ಒದೆಯುವ ಒದೆತ, ಸತ್ತ ಮೇಲೂ ನೆನಪಿರುತ್ತದೆ. ಮೊದಲನೆಯದು ಹಾರಿತು. ಎರಡನೆಯದೂ ಹಾರಿತು. ಮೂರನೆಯದಕ್ಕೆ ಬೆರಳು ಮಡಿಸಿ ಕುದುರೆ ಎಳೆದರೆ ಬರಲೇ ಇಲ್ಲ. ತೋಟಾಗಳು ಕೂರುವ ಉರುಳೆ ಇದೆಯಲ್ಲ, ಪ್ರತಿ ಸಲ ತಿರುಗಿ ಮುಂದಿನ ತೋಟಾವನ್ನು ನಳಿಗೆಗೆ ತರಬೇಕಾದದ್ದು, ಅದು ಅಲುಗಾಡಲಿಲ್ಲ. ಕಲ್ಲಿನ ಹಾಗೆ ನಿಂತಿತು. "ಮರಳು ಹೊಕ್ಕಿದೆ ಬಿಡಿ ಅತ್ತಿಗೆ" ಎಂದು ಮಕಾರ್ ಅದನ್ನು ಇಸಿದುಕೊಂಡು, ಕುಟ್ಟಿ, ಬಿಡಿಸಿ, ಊದಿ, ಎಣ್ಣೆ ಹಾಕಿದ. "ಈಗ ನೋಡಿ, ಬೆಣ್ಣೆ" ಎಂದು ಖಾಲಿ ಉರುಳೆಯನ್ನು ಗರಗರ ತಿರುಗಿಸಿ ತೋರಿಸಿದ. ಖಾಲಿ ಇದ್ದಾಗ ಯಾವುದು ತಿರುಗುವುದಿಲ್ಲ? ಅಲ್ಲಿ ಮರಳೇ ಇರಲಿಲ್ಲ ಗಾಷಾ, ಬರೀ ಕಲ್ಲು. ಹೇಳಿದರೆ, ಇವಳಿಗೆ ಎಲ್ಲದರಲ್ಲೂ ಅನುಮಾನ ಎಂದು ನಗುತ್ತಾರೆ, ನಕ್ಕೂ ನಕ್ಕೂ ನನ್ನ ಬಾಯಿ ಕಟ್ಟಿಬಿಟ್ಟಿದ್ದಾರೆ.

ಬೆಳಗ್ಗೆ ಎದ್ದವಳೇ ಒಬ್ಬಳೇ ಅಲ್ಲಿಗೆ ಹೋದೆ. ಈ ಸಲ ರಿವಾಲ್ವರನ್ನು ಟವೆಲಿನ ಮೇಲಿಟ್ಟು ಒರೆಸಿ, ತೋಟಾ ತುಂಬಿದೆ. ಒಂದು ಹಾರಿಸಿದೆ, ಎರಡು ಹಾರಿಸಿದೆ. ಮೂರಕ್ಕೆ ಮತ್ತೆ ಕಚ್ಚಿಕೊಂಡಿತು. ಕುಟ್ಟಲಿಲ್ಲ, ಬೆಳಕಿಗೆ ಹಿಡಿದು ನೋಡಿದೆ. ಉರುಳೆಯ ಮುಂಭಾಗದಲ್ಲಿ ಒಂದು ಗುಂಡು ಮೂತಿ ಹೊರಗೆ ಹಾಕಿ ನಿಂತಿತ್ತು. ಮಿಕ್ಕವು ತಮ್ಮ ಗೂಡಿನಲ್ಲಿ, ಇದೊಂದು ಮಾತ್ರ ಬಾಗಿಲಿಗೆ ಬಂದು ಇಣುಕುವವರ ಹಾಗೆ. ಅದು ಚೌಕಟ್ಟಿಗೆ ತಾಕಿ ಉರುಳೆಯನ್ನು ತಿರುಗಲು ಬಿಡುತ್ತಿರಲಿಲ್ಲ. ತೋಟಾದ ಹಿತ್ತಾಳೆಯ ಕೊಳವೆಯಿಂದ ಗುಂಡು ತಾನಾಗಿ ಮುಂದಕ್ಕೆ ಜಾರಿ ಬಂದಿತ್ತು. ಯಾಕೆ ಎಂದು ಅಲ್ಲೇ ಕಲ್ಲಿನ ಮೇಲೆ ಕೂತು ಯೋಚಿಸಿದೆ. ದೋಣಿಯನ್ನು ತಟ್ಟನೆ ಹಿಂದಕ್ಕೆ ಎಳೆದರೆ ಒಳಗೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ. ರಿವಾಲ್ವರ್ ಹಗುರವಿದ್ದಷ್ಟೂ ಜೋರಾಗಿ ಹಿಂದಕ್ಕೆ ಜಿಗಿಯುತ್ತದೆ. ಗುಂಡು ಭಾರವಿದ್ದಷ್ಟೂ ಅದರ ಜೊತೆ ಹೋಗಲು ಸೋಮಾರಿತನ ಮಾಡುತ್ತದೆ, ಇದ್ದಲ್ಲೇ ಉಳಿಯುತ್ತದೆ. ಎರಡು ಹಾರಿಸುವಷ್ಟರಲ್ಲಿ ಕಾದು ಕೂತಿದ್ದದ್ದು ಕೊಳವೆಯಿಂದ ಹೊರಗೆ ಬರುತ್ತದೆ.

ಅರ್ಥವಾಯಿತಾ ಮಗಳೇ? ರಿವಾಲ್ವರಿನ ತಪ್ಪಲ್ಲ, ಗುಂಡಿನ ತಪ್ಪೂ ಅಲ್ಲ. ಬೇರೆ ಬೇರೆ ಇದ್ದಿದ್ದರೆ ಎರಡೂ ಒಳ್ಳೆಯವೇ. ನನ್ನ ಒಂದು ಹೆದರಿಕೆ ಹಗುರದ್ದನ್ನು ಆರಿಸಿತು, ಇನ್ನೊಂದು ಹೆದರಿಕೆ ಭಾರದ್ದನ್ನು ಆರಿಸಿತು, ಎರಡನ್ನೂ ಸೇರಿಸಿ ನಿನ್ನ ಎದೆಗೆ ಕಟ್ಟಲು ಹೊರಟಿದ್ದೆ. ಆ ಹರಿದ ಕಿವಿಯದು ನಿನ್ನ ಮೇಲೆ ಬರುತ್ತದೆ, ನೀನು ಎರಡು ಹಾರಿಸುತ್ತೀಯ, ಮೂರನೆಯದಕ್ಕೆ ಕುದುರೆ ಎಳೆಯುತ್ತೀಯ... ಬೆಳಗಿನಿಂದ ನನ್ನ ಕಣ್ಣ ಮುಂದೆ ಇದೇ. ಒಲೆಯ ಮೇಲಿದ್ದ ರೊಟ್ಟಿ ಎರಡು ಸಲ ಸೀದುಹೋಯಿತು.

ಮಕಾರ್‌ಗೆ ತೋರಿಸಿದೆ. ಅವನ ಮುಖ ಬೂದಿಯಾಯಿತು. ಕುಳಿ ಮೂತಿಯ ಕಡಿಮೆ ತೂಕದ್ದನ್ನು ಹಾಕಿ ಹಾರಿಸಿದ, ಆರೂ ಹಾರಿದವು, ಕಚ್ಚಲಿಲ್ಲ. "ಇದನ್ನೇ ಕಳಿಸೋಣ ಅತ್ತಿಗೆ" ಎಂದ. ಅದು ಕೊಬ್ಬಿನಲ್ಲೇ ನಿಲ್ಲುತ್ತದಲ್ಲೋ ಎಂದೆ. "ಹಾಗಾದರೆ ಲೂಕಾನ ಉಕ್ಕಿಂದು, ಅದು ಭಾರದ ಗುಂಡನ್ನ ಸುಮ್ಮನೆ ನುಂಗಿಕೊಳ್ಳುತ್ತೆ" ಎಂದ. ಹಾರಿಸಿಯೂ ನೋಡಿದೆವು. ಅಷ್ಟು ವರ್ಷ ಪೆಟ್ಟಿಗೆಯಲ್ಲಿದ್ದರೂ ಆರಕ್ಕೆ ಆರೂ ಹಾರಿದವು, ಒಂದು ಗುಂಡೂ ಕೂತಲ್ಲಿಂದ ಕದಲಲಿಲ್ಲ, ಹಳೆಯ ಎತ್ತಿನ ಹಾಗೆ ಸಮಾಧಾನದಿಂದ ಒದೆಯಿತು. ಆದರೆ ಗಾಷಾ ಅದನ್ನು ಬಿಚ್ಚಿ ಕೊಂಬೆಗೆ ಹಾಕುತ್ತಾಳಲ್ಲೋ ಎಂದೆ. ಮಕಾರ್‌ಗೆ ರೇಗಿತು. "ಅತ್ತಿಗೆ, ಹಗುರದ್ದು ಬೇಡ, ಭಾರದ್ದು ಬೇಡ, ಮೆತ್ತಂದು ಬೇಡ, ಗಟ್ಟೀದು ಬೇಡ! ನಿಮಗೆ ಬೇಕಾಗಿರೋದು ಯಾವ ಅಂಗಡೀಲೂ ಸಿಗಲ್ಲ!" ಎಂದು ಕೂಗಿ, ಬಾಗಿಲು ಬಡಿದುಕೊಂಡು ಹೋದ. ಸ್ವಲ್ಪ ಹೊತ್ತಿಗೆ ವಾಪಸು ಬಂದು, ಸೀದ ರೊಟ್ಟಿಯನ್ನು ತಿಂದ.

ಮಂಜು ಸರಿದರೆ ಮಧ್ಯಾಹ್ನ ರಾಯ್ ವಿಮಾನ ತರುತ್ತಾನೆ. ಇವತ್ತು ತಪ್ಪಿದರೆ ಮುಂದಿನದು ಯಾವಾಗಲೋ, ದಕ್ಷಿಣದಿಂದ ಗಾಳಿಮಳೆ ಬರುತ್ತಿದೆಯಂತೆ. ನಿನಗೆ ಕಳಿಸುವ ಪೆಟ್ಟಿಗೆ ನೆಲದ ಮೇಲೆ ತೆರೆದೇ ಇದೆ. ಹಿಟ್ಟು, ಆಲೂಗಡ್ಡೆ, ಚಹಾ, ಒಣ ಸಾಲ್ಮನ್, ನಿನಗೆ ಇಷ್ಟವಾದ ಬೆರ್ರಿ ಜಾಮು, ಎಲ್ಲ ಇಟ್ಟಿದ್ದೇನೆ. ಮೇಜಿನ ಮೇಲೆ ಎರಡು ರಿವಾಲ್ವರು ಅಕ್ಕಪಕ್ಕ ಮಲಗಿವೆ. ಯಾವುದನ್ನು ಇಡುತ್ತೇನೋ ನನಗೇ ಗೊತ್ತಿಲ್ಲ, ಪೆಟ್ಟಿಗೆ ತೆರೆದು ನೀನೇ ನೋಡಿಕೊಳ್ಳಬೇಕು. ಯಾವುದನ್ನು ಕೈಯಲ್ಲಿ ಹಿಡಿದರೂ ಇನ್ನೊಂದು ನನ್ನನ್ನು ಕರೆಯುತ್ತದೆ. ದೇವರ ಪಟದ ಮುಂದೆ ನಿಂತು ಕೇಳಿದೆ. ಸಂತ ನಿಕೊಲಾಯ್ ನಾವಿಕರನ್ನು ಕಾಯುವವನು, ಅವನಿಗೂ ರಿವಾಲ್ವರಿನ ವಿಷಯ ತಿಳಿದ ಹಾಗಿಲ್ಲ.

ಯಾವುದು ಬಂದರೂ ನಾನು ಹೇಳುವಷ್ಟು ಮಾಡು. ಮಾತಾಡುತ್ತಾ ಓಡಾಡು, ಹಾಡು, ಬರದಿದ್ದರೂ ಹಾಡು. ಮೀನಿನ ವಾಸನೆಯ ಬಟ್ಟೆ ಡೇರೆಯೊಳಗೆ ತರಬೇಡ. ನೀರಿಗೆ ಇಳಿಯುವ ಮುಂಚೆ ಗಾಳಿ ಯಾವ ಕಡೆಯಿಂದ ಎಂದು ನೋಡು. ಅದು ಎದುರಿಗೆ ಬಂದರೆ ಓಡಬೇಡ, ಬೆನ್ನು ತೋರಿಸಬೇಡ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಓದು.

ಮಕಾರ್ ಚಿಕ್ಕಪ್ಪ, ಸ್ತೆಪಾನ್ ಮಾವ ನಿನ್ನನ್ನು ಕೇಳಿದ್ದಾರೆ. ಸ್ತೆಪಾನ್ ಮಾವನಿಗೆ ವಿಷಯ ಗೊತ್ತಿಲ್ಲ ಎಂದುಕೊಂಡಿದ್ದೆ, ಇವತ್ತು ಬಾಗಿಲಲ್ಲಿ ಜಾಮಿನ ಬಾಟಲಿಯೊಂದನ್ನು ಇಟ್ಟು "ಬೆರ್ರಿ ಕೀಳೋ ಹುಡುಗಿಗೆ" ಎಂದು ಹೇಳಿ ಹೋದ. ದೇವಮಾತೆ ಕಾಪಾಡಲಿ, ನಿನ್ನ ಪೂರ್ತಿ ಹೆಸರಿನ ಸಂತ ಅಗಾಫ್ಯಾ ನಿನ್ನ ಬಲಕ್ಕೂ ಎಡಕ್ಕೂ ನಿಲ್ಲಲಿ. ನಿನ್ನ ಹಣೆಗೆ, ಎರಡು ಕಣ್ಣಿಗೆ, ಎಡಗೈಗೆ ಮುತ್ತು.

ನಿನ್ನ ದಾರಿಯನ್ನೇ ಕಾಯುತ್ತಿರುವ
ಅಮ್ಮ
ಉಲ್ಯಾನಾ

ಮತ್ತೆ: ಗಾಷಾ, ವಿಮಾನ ಬಂದು ಕಟ್ಟೆಯಲ್ಲಿ ನಿಂತಿದೆ, ಬೇಗ ಬರೆಯುತ್ತೇನೆ. ಎರಡನ್ನೂ ಹಿಡಿದುಕೊಂಡು ನಿಂತಿದ್ದಾಗ ತಟ್ಟನೆ ತಲೆಗೆ ಬಂತು. ಭಾರದ್ದು ಬೇಡ ಅಂದದ್ದು ನಿನ್ನ ಎರಡೂ ಕೈಯಲ್ಲಿ ಕೆಲಸ ಇರುತ್ತದೆ ಎಂದು. ಕೈಯಲ್ಲಿ ಬೇರೇನೂ ಕೆಲಸವಿಲ್ಲದವರು ಹಿಡಿದರೆ? ಅವರು ಯಾಕೆ ಅದನ್ನು ಕೊಂಬೆಗೆ ಹಾಕುತ್ತಾರೆ? ಲೂಕಾನ ರಿವಾಲ್ವರನ್ನೂ ಗಟ್ಟಿ ಗುಂಡುಗಳನ್ನೂ ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ಹಗುರದ್ದು ಕಡಿಮೆ ತೂಕದ ಗುಂಡಿನ ಜೊತೆ ನಿನ್ನ ಒರೆಯಲ್ಲಿದೆ, ಅದು ನಿನ್ನ ಎದೆಯ ಮೇಲೆ ಬರೀ ಸಮಾಧಾನಕ್ಕೆ ಇರಲಿ. ರಾಯ್ ಪೆಟ್ಟಿಗೆ ಎತ್ತಿ ನೋಡಿ, "ಅಮ್ಮಾ, ಇನ್ನೊಬ್ಬರಿಗೆ ತೂಕ ಆಗಲ್ಲ" ಅಂದ. ಹಿಟ್ಟು ಇಳಿಸು, ಆಲೂಗಡ್ಡೆ ಇಳಿಸು, ಆದ ಜಾಗದಲ್ಲಿ ನಾನು ಅಂದೆ. ಮಕಾರ್ ಕಟ್ಟೆಯ ಮೇಲೆ ಬಾಯಿ ಬಿಟ್ಟು ನಿಂತಿದ್ದಾನೆ, "ಅತ್ತಿಗೆ, ನೀವಾ? ವಿಮಾನದಲ್ಲಾ?" ಅನ್ನುತ್ತಾನೆ. ನನ್ನ ಕಾಲು ನಡುಗುತ್ತಿದೆ, ನಡುಗಲಿ, ಕೂರಲು ಕಾಲು ಬೇಕಿಲ್ಲ. ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ, ಲೂಕಾನ ವಿಷಯ ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಓದಿಕೋ. ನೀನು ಲೆಕ್ಕ ನಿಲ್ಲಿಸಬೇಡ, ನಾನೂ ನಿನ್ನನ್ನು ಕರೆತರಲು ಬರುತ್ತಿಲ್ಲ. ನೀನು ನೀರಿಗೆ ಇಳಿದಾಗ ದಡದಲ್ಲಿ ನಿನಗೆ ಬೆನ್ನು ಮಾಡಿ ನಿಲ್ಲುತ್ತೇನೆ. ನೀನು ಮೀನು ನೋಡು, ನಾನು ಪೊದೆ ನೋಡುತ್ತೇನೆ.